ಟೇಪಕ್ಕನ ಮೊಳೆ, ಬೋರ್ಡಣ್ಣನ ಬಾಣ

ಬಟ್ಟೆ ಮಾರುವವನಿಗೆ ಹೊಗಳುವುದು ಕಷ್ಟದ ಕೆಲಸವಲ್ಲ. ಬಣ್ಣ ಬಿಡುವ ಬಟ್ಟೆಯನ್ನೂ "ತೊಳೆದಷ್ಟೂ ಮೆತ್ತಗಾಗುತ್ತೆ ನೋಡಿ" ಎಂದು ಹೊಗಳಿ ಮಾರಿದ ಬಾಯಿ ಇದು. ಆದರೆ ಟೇಪಕ್ಕನನ್ನು ಹೊಗಳಲು ಹೊರಟರೆ ಸ್ವಲ್ಪ ಅಂಜಿಕೆಯಾಗುತ್ತದೆ. ಅವಳ ಕಣ್ಣಿಗೆ ಇದು ಬಿದ್ದರೆ, "ಎಷ್ಟು ಗಂಜಿ ಹಾಕಿದೀರಿ ಸಾಹುಕಾರ್ರೇ, ಒಂದು ಒಗೆತಕ್ಕೆ ಎಲ್ಲಾ ಹೋಗುತ್ತೆ" ಎನ್ನುವವಳೇ. ಆದ್ದರಿಂದ ಗಂಜಿ ಹಾಕದೆ ಬರೆಯುತ್ತೇನೆ.

ಶಾಲೆಯ ಎದುರಿನ ಬೀದಿಯಲ್ಲಿ ನನ್ನದು ಮಕ್ಕಳ ಯೂನಿಫಾರಂ ಅಂಗಡಿ. ಬಾಗಿಲ ಬಳಿ ಗಲ್ಲಾ, ಗಲ್ಲಾದ ಹಿಂದೆ ನಾನು. ಗೋಡೆಯುದ್ದಕ್ಕೂ ಬೂದು, ನೀಲಿ, ಬಿಳಿ ಬಟ್ಟೆಯ ಥಾನುಗಳು. ಒಳಗಿನ ಮೂಲೆಯಲ್ಲಿ ಹೊಲಿಗೆ ಮೆಷಿನ್ನು, ಪಕ್ಕದಲ್ಲಿ ಅಳತೆ ತೆಗೆಯಲು ಒಂದು ಪರದೆ. ಅಲ್ಲಿ ಟೇಪಕ್ಕ. ಕೊರಳಲ್ಲಿ ಸದಾ ಹಳದಿ ಟೇಪು ತೂಗುವುದರಿಂದ ಮಕ್ಕಳು ಇಟ್ಟ ಹೆಸರು. ಈಗ ಅವಳ ಸ್ವಂತ ಮಗನೂ ಫೋನಿನಲ್ಲಿ ಹಾಗೇ ಕರೆದು ಬೈಸಿಕೊಳ್ಳುತ್ತಾನೆ.

ಅವಳು ಮಕ್ಕಳ ಅಳತೆ ತೆಗೆಯುವುದನ್ನು ನೋಡಬೇಕು.

"ಉಸಿರು ಬಿಡೋ. ಹೊಟ್ಟೆ ಯಾಕೆ ಒಳಗೆ ಎಳ್ಕೊಂಡಿದೀಯ? ಸ್ಕೂಲಲ್ಲಿ ಬೆಳಗಿಂದ ಸಂಜೆ ತನಕ ಹಿಂಗೇ ಇರ್ತೀಯಾ?"

ಆಮೇಲೆ ಮಗುವಿನ ಪಾದ ನೋಡುತ್ತಾಳೆ. ಪಾದ ದೊಡ್ಡದಿದ್ದರೆ "ಇವನು ಉದ್ದ ಹೋಗ್ತಾನೆ" ಎಂದುಕೊಂಡು ಅಂಚಿನಲ್ಲಿ, ತೋಳಿನೊಳಗೆ ಧಾರಾಳವಾಗಿ ಬಟ್ಟೆ ಮಡಿಸಿ ಹೊಲಿಯುತ್ತಾಳೆ. ಆ ಮಡಿಕೆಯ ದಾರದ ತುದಿಯನ್ನು ಒಳಗೆ ಬಿಟ್ಟಿರುತ್ತಾಳೆ. ಮಗು ಬೆಳೆದಾಗ ತಾಯಿ ಆ ತುದಿ ಹಿಡಿದು ಎಳೆದರೆ ಸಾಕು, ಪ್ಯಾಂಟು ತಾನೂ ಬೆಳೆಯುತ್ತದೆ. ಮುಂದಿನ ವರ್ಷ ಹೊಸ ಪ್ಯಾಂಟು ಕೊಳ್ಳಬೇಕಾದ ಗಿರಾಕಿ ಅಂಗಡಿ ಮುಂದೆಯೇ ಹಾದು, ನನಗೆ ಕೈಬೀಸಿ ಹೋಗುತ್ತಾನೆ. ಸಂಬಳ ಕೊಟ್ಟು ನಷ್ಟವನ್ನು ಸಾಕಿಕೊಂಡಿರುವ ವ್ಯಾಪಾರಿ ಈ ಬೀದಿಯಲ್ಲಿ ನಾನೊಬ್ಬನೇ ಇರಬೇಕು.

ಅವಳು ಇಲ್ಲಿಗೆ ಬಂದದ್ದು ಕೆಲಸ ಕೇಳಿಕೊಂಡಲ್ಲ, ಗಿರಾಕಿಯಾಗಿ. ಅದನ್ನು ಹೇಳಬೇಕಾದರೆ ಚೀಟಿಯ ವಿಷಯ ಹೇಳಬೇಕು.

ದುಡಿಮೆ ಸಾಲದ ಮನೆಗಳ ಮಕ್ಕಳ ಶಾಲಾ ಬಟ್ಟೆಗೆ ಸರ್ಕಾರ ಸಹಾಯ ಕೊಡುತ್ತದೆ. ಶಾಲೆಯಿಂದ ಅರ್ಜಿ ಹೋಗುತ್ತದೆ, ಕಚೇರಿಯಿಂದ ಚೀಟಿ ಬರುತ್ತದೆ. ಯಾರ ಹೆಸರಿಗೆ ಬಂದಿದೆಯೋ ಅವರು ಅಂಗಡಿಗೆ ಬಂದು, ನನ್ನೆದುರು ಸಹಿ ಹಾಕಿದರೆ ಬಟ್ಟೆ ಅವರದು. ಹಣವನ್ನು ಸರ್ಕಾರ ಆಮೇಲೆ ನನಗೆ ಕೊಡುತ್ತದೆ. ಆ 'ಆಮೇಲೆ'ಯ ಬಗ್ಗೆ ಬೇರೆ ಕಡೆ ಅಳುತ್ತೇನೆ, ಇಲ್ಲಿ ಬೇಡ. ಶಾಲೆ ತೆರೆಯುವ ಹೊತ್ತಿಗೆ ಚೀಟಿಯ ಆಯಸ್ಸೂ ಮುಗಿಯುತ್ತದೆ. ಅಷ್ಟರೊಳಗೆ ಬರದಿದ್ದರೆ ಅದು ಬರೀ ಕಾಗದ.

ಈ ಏರ್ಪಾಟು ಶುರುವಾದ ವರ್ಷ, ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂಥ ಬೋರ್ಡು ಇರಲೇಬೇಕು ಎಂದು ಕಚೇರಿಯವರು ಹೇಳಿದರು. ನಾನು ಬೋರ್ಡಣ್ಣನನ್ನು ಕರೆಸಿದೆ. ಆಗ ಈ ಬೀದಿಯ ಬೋರ್ಡುಗಳೆಲ್ಲ ಅವನ ಕೈಯವೇ: ಔಷಧಿ ಅಂಗಡಿ, ಸೈಕಲ್ ರಿಪೇರಿ, ಕ್ಷೌರದಂಗಡಿ. ಅಕ್ಷರಕ್ಕೆ ಮೈಕೈ ತುಂಬಿಸಿ, ಪಕ್ಕದಲ್ಲಿ ನೆರಳು ಎಳೆದು, ಮೂಲೆಯಲ್ಲಿ ತನ್ನ ಸಹಿಯನ್ನು ಬಾಲ ಬಿಟ್ಟು ಹಾಕುತ್ತಿದ್ದ. ಕೆಲವು ಅಂಗಡಿಗಳಲ್ಲಿ ಮಾಲಿಗಿಂತ ಬೋರ್ಡೇ ಚೆನ್ನಾಗಿತ್ತು. ನನ್ನ ಅಂಗಡಿಯ ಒಳಗೋಡೆಯ ಮರದ ಹಲಗೆಯ ಮೇಲೆ 'ಸರ್ಕಾರಿ ಸಹಾಯದ ಚೀಟಿಯವರು ಇಲ್ಲಿ' ಎಂದು ಬರೆದ. ಕೆಳಗೆ, ಮೂಲೆಯ ಕಡೆಗೆ ಗುರಿಯಿಟ್ಟ ಒಂದು ದಪ್ಪ ಕೆಂಪು ಬಾಣ ಎಳೆದ.

"ಬಾಣ ನಾನು ಕೇಳಿರಲಿಲ್ಲವಲ್ಲ?" ಎಂದೆ.

"ಬಾಣ ನನ್ನ ಕಡೆಯಿಂದ ಫ್ರೀ ಸಾಹುಕಾರ್ರೇ."

ಪುಕ್ಕಟೆ ಬಂದದ್ದನ್ನು ಬೇಡ ಎನ್ನುವುದು ನನ್ನ ಜಾಯಮಾನವಲ್ಲ.

ಅವನಿನ್ನೂ ಏಣಿಯ ಮೇಲಿದ್ದಾಗಲೇ ಮೊದಲ ಚೀಟಿ ಬಂತು. ಮಗನ ಕೈ ಹಿಡಿದುಕೊಂಡ ಒಬ್ಬ ಹೆಂಗಸು, ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಒಳಗೆ ಬಂದಳು. ಬೋರ್ಡಣ್ಣ ಒಳ್ಳೆಯ ಹುರುಪಿನಲ್ಲಿದ್ದ. ಮೇಲಿನಿಂದಲೇ ಕೂಗಿದ: "ಬಾಣ ನೋಡ್ಕೊಂಡು ನಿಂತ್ಕೊಳಮ್ಮಾ, ಇಲ್ಲಾಂದ್ರೆ ಸರ್ಕಾರದ ಕಣ್ಣಿಗೆ ಕಾಣಿಸಲ್ಲ ನೀನು!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಏಣಿ ಹತ್ತಿದವನಿಗೆ ಕೆಳಗಿನವರು ಸ್ವಲ್ಪ ಚಿಕ್ಕದಾಗಿಯೇ ಕಾಣುತ್ತಾರೆ. ಆ ಹೆಂಗಸು ಹೋಗಿ ಬಾಣದ ಕೆಳಗೆ ನಿಂತಳು. ಪ್ಯಾಂಟು ಕೊಟ್ಟಾಗ ತಿರುವಿಹಾಕಿ ಒಳಹೊಲಿಗೆಯನ್ನು ಎಳೆದು ನೋಡಿದಳು.

"ಸರ್ಕಾರ ನಿಮಗೆ ದುಡ್ಡು ಕೊಡೋದು ಹೊಲಿಗೆಗೂ ಸೇರಿಸಿ ತಾನೇ?"

"ಹೌದಮ್ಮ."

"ಮತ್ತೆ ಇದರಲ್ಲಿ ಹೊಲಿಗೆ ಎಲ್ಲಿದೆ?"

ಅವತ್ತು ನನ್ನ ಹಳೆಯ ಟೈಲರು ರಜೆ ಹಾಕಿದ್ದ. ಅವಳು ಕೇಳಲೂ ಇಲ್ಲ, ಮೆಷಿನ್ನಿನ ಮುಂದೆ ಕೂತು ಮಗನ ಪ್ಯಾಂಟನ್ನು ತಾನೇ ಗಟ್ಟಿ ಮಾಡಿಕೊಂಡಳು. ಆ ಹೊಲಿಗೆ ನೋಡಿದ ಮೇಲೆ ನನ್ನ ಟೈಲರಿನ ರಜೆ ಖಾಯಂ ಆಯಿತು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ದಿಂಬಿನ ಚೀಲ ಹೊಲಿದು ಸಂಸಾರ ತೂಗಿಸುತ್ತಿದ್ದವಳು, ಮಾರನೆಯ ದಿನದಿಂದ ನನ್ನ ಅಂಗಡಿಗೆ ಬಂದಳು. ಇವತ್ತು ಆ ಮಗ ನೀರಿನ ಪೈಪು ಜೋಡಿಸುವ ಕೆಲಸದಲ್ಲಿದ್ದಾನೆ.

ಬಂದವಳು ಮೊದಲು ಮಾಡಿದ ಕೆಲಸ, ಮೆಷಿನ್ನನ್ನು ಕಿಟಕಿಯ ಬಳಿಯಿಂದ ಎಳೆದುಕೊಂಡು ಹೋಗಿ ಆ ಬಾಣದ ಕೆಳಗಿನ ಮೂಲೆಯಲ್ಲಿ ಇಟ್ಟದ್ದು.

"ಅಲ್ಯಾಕೆ ಅಕ್ಕ?"

"ಬೆಳಕು ಚೆನ್ನಾಗಿದೆ."

ಆ ಮೂಲೆಯಲ್ಲಿ ಮಧ್ಯಾಹ್ನವೂ ಬಲ್ಬು ಹಾಕಬೇಕು. ಆದರೆ ಕೆಲವೇ ದಿನಗಳಲ್ಲಿ ನನಗೆ ಅರ್ಥವಾಯಿತು. ಚೀಟಿಯವರು ಮೊದಮೊದಲು ಅಂಗಡಿ ಖಾಲಿ ಇರುವ ಹೊತ್ತು ನೋಡಿ, ಆ ಕಡೆ ಈ ಕಡೆ ಕಣ್ಣಾಡಿಸಿ ಬರುತ್ತಿದ್ದರು. ಈಗ ಅಳತೆ ಕೊಡಬೇಕಾದರೆ ಡಾಕ್ಟರ ಹೆಂಡತಿಯೂ ಆ ಬಾಣದ ಕೆಳಗೇ ನಿಲ್ಲಬೇಕು, ಬ್ಯಾಂಕಿನ ಮ್ಯಾನೇಜರೂ ಅಲ್ಲಿಗೇ ಬರಬೇಕು. ಚೀಟಿಯೋ ನಗದೋ, ಅದು ಪರದೆಯ ಒಳಗೆ ಟೇಪಕ್ಕನ ಕಿವಿಗೆ ಮಾತ್ರ. ಹೊರಗೆ ಬಂದು ನನಗೆ ಅವಳು ಹುಬ್ಬಿನಲ್ಲೇ ಹೇಳುತ್ತಿದ್ದಳು. ಬಲ್ಬಿನ ಖರ್ಚು ಮಾತ್ರ ಇವತ್ತಿಗೂ ನನ್ನದೇ.

ಊರೆಲ್ಲ ಆ ಬಾಣವನ್ನು ಮರೆತರೂ ಒಬ್ಬ ಮರೆಯಲಿಲ್ಲ. ಅದನ್ನು ಬರೆದವನು.

ಬೋರ್ಡಣ್ಣನಿಗೆ ಒಬ್ಬಳೇ ಮಗಳು. ಅವಳನ್ನು ಶಾಲೆಗೆ ಸೇರಿಸಿದ ವರ್ಷದಿಂದಲೂ ಅವನದು ಒಂದೇ ವರಸೆ. ಜೇಬಿನಲ್ಲಿ ನೋಟು ಇಣುಕುವ ಹಾಗೆ ಇಟ್ಟುಕೊಂಡು ಅಂಗಡಿಯ ಮೆಟ್ಟಿಲ ಮೇಲೇ ನಿಲ್ಲುತ್ತಿದ್ದ. "ಇಲ್ಲೇ ಅಳತೆ ತಗೊಳ್ಳಿ ಅಕ್ಕಾ. ಒಳಗೆ ಸೆಖೆ" ಎನ್ನುತ್ತಿದ್ದ. ಮಗಳು ಬಾಣದ ಕೆಳಗೆ ನಿಲ್ಲಬಾರದು, ಅಷ್ಟೇ. ಟೇಪಕ್ಕ ಟೇಪು ಹಿಡಿದು ಮೆಟ್ಟಿಲಿಗೆ ಹೋಗುತ್ತಿದ್ದಳು. ಆ ಹಳೆಯ ಹೆಂಗಸು ಇವಳೇ ಎಂದು ಅವನಿಗೆ ಗುರುತಿರಲಿಲ್ಲ. ಇವಳು ಗುರುತು ಹೇಳಿಕೊಂಡವಳೂ ಅಲ್ಲ.

ಹೀಗಿರುವಾಗ ಬೀದಿಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಬೋರ್ಡು ಪ್ರಿಂಟು ಮಾಡುವವರು ಬಂದರು. ಬೋರ್ಡಣ್ಣನ ಅರ್ಧ ಕೆಲಸ ಅವರಿಗೆ ಹೋಯಿತು. ಉಳಿದರ್ಧ ಮಾಡುತ್ತಿದ್ದಾಗ ಏಣಿಯಿಂದ ಬಿದ್ದು ಕಾಲು ಮುರಿಯಿತು. ಮೂಳೆ ಕೂಡಿತು, ಆದರೆ ಏಣಿಯ ಸ್ನೇಹ ಬಿಟ್ಟುಹೋಯಿತು. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿಕೊಂಡಳು. ಮಗಳು ಆ ವರ್ಷ ಹೈಸ್ಕೂಲಿಗೆ ಹೋಗುವವಳು. ಅಲ್ಲಿ ಲಂಗ, ಅಂಗಿಯ ಜೊತೆಗೆ ಕೋಟೂ ಬೇಕು, ಕೋಟಿಲ್ಲದೆ ಒಳಗೆ ಬಿಡುವುದಿಲ್ಲ. ಹೆಡ್‌ಮಿಸ್ಸು ತಾವೇ ಅರ್ಜಿ ಬರೆಸಿ ಕಳಿಸಿದ್ದರು. ಚೀಟಿ ಬೋರ್ಡಣ್ಣನ ಹೆಸರಿಗೇ ಬಂತು.

ಶಾಲೆ ತೆರೆಯಲು ಇನ್ನೇನು ಒಂದು ವಾರವೂ ಇಲ್ಲ ಅನ್ನುವಾಗ ಅವನ ಹೆಂಡತಿ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಅವನಿಲ್ಲ.

"ಅವರು ಬರಲ್ಲ ಅಕ್ಕಾ. ಎಲ್ಲಾ ಹೇಳಿ ನೋಡಿದೆ. 'ಆ ಬಾಣ ಎಳೆದವನು ನಾನು, ಅದರ ಕೆಳಗೆ ನಾನೇ ಹೋಗಿ ನಿಂತ್ಕೊಳ್ಳಾ?' ಅಂತಾರೆ."

"ಮತ್ತೆ ಕೋಟಿಗೆ ಏನು ಮಾಡ್ತಾನಂತೆ?"

"ಕುಂಚದ ಪೆಟ್ಟಿಗೆ ಮಾರ್ತಾರಂತೆ. ಯಾರೋ ನಾಡಿದ್ದು ನೋಡೋಕೆ ಬರ್ತಾರಂತೆ."

ಅಷ್ಟು ಹೊತ್ತು ಥಾನುಗಳನ್ನು ನೋಡುತ್ತಿದ್ದ ಹುಡುಗಿ ಆಗ ಬಾಯಿಬಿಟ್ಟಳು. "ಅಪ್ಪ ಪೆಟ್ಟಿಗೆ ಮಾರೋದಾದ್ರೆ ನನಗೆ ಕೋಟೇ ಬೇಡ. ಹೈಸ್ಕೂಲೂ ಬೇಡ." ಗಟ್ಟಿಯಾಗಿ ಹೇಳಲಿಲ್ಲ, ಆದರೆ ತೀರ್ಮಾನ ಮಾಡಿಕೊಂಡು ಬಂದವಳ ದನಿ ಅದು. ಇವಳೂ ಅಪ್ಪನ ಮಗಳೇ ಎಂದು ನನಗೆ ಖಾತ್ರಿಯಾಯಿತು.

ಟೇಪಕ್ಕ ಬಾಯಿಂದ ಗುಂಡುಸೂಜಿಗಳನ್ನು ತೆಗೆದಳು. ಅವಳು ಸೂಜಿ ತೆಗೆದು ಮಾತಾಡುವುದು ವಿಷಯ ದೊಡ್ಡದಿದ್ದಾಗ ಮಾತ್ರ.

"ನಿನಗೆ ಬೇಕೋ ಬೇಡವೋ ಅಂತ ಯಾರು ಕೇಳಿದ್ರು? ಕೈ ಅಗಲಿಸು."

ಅಳತೆ ತೆಗೆದಳು. ಪಾದ ನೋಡಿದಳು. ಹುಡುಗಿ ಹೊರಡುವಾಗ ಮೆಲ್ಲಗೆ, "ನಾನು ಒಳಗೆ ಬಂದು ಅಳತೆ ಕೊಟ್ಟೆ ಅಂತ ಅಪ್ಪಂಗೆ ಹೇಳ್ಬೇಡಿ" ಎಂದಳು.

ಅವರು ಹೋದ ಮೇಲೆ ನಾನು ಗಲ್ಲಾದ ಮೇಲೆ ಮೊಣಕೈ ಊರಿಕೊಂಡು ಒಂದು ವ್ಯಾಪಾರಿ ಬುದ್ಧಿಯ ಮಾತು ಹೇಳಿದೆ. "ಅಕ್ಕಾ, ಅವನ ಹೆಂಡತಿಯೇ ಅವನ ಹೆಸರು ಗೀಚಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನಿಮಗೆ ಗೊತ್ತಾಗುತ್ತೆ, ನನಗೆ ಗೊತ್ತಾಗುತ್ತೆ, ಕಚೇರಿಯವರಿಗೆ ಗೊತ್ತಾಗೋದು ಆಮೇಲೆ. ಗೊತ್ತಾದ ದಿನ ಈ ಅಂಗಡಿಗೆ ಚೀಟಿ ತಗೊಳ್ಳೋ ಒಪ್ಪಿಗೆ ಹೋಗುತ್ತೆ. ಆಮೇಲೆ ಈ ಬೀದಿ ಮಕ್ಕಳು ಯಾರ ಹತ್ರ ಹೋಗ್ಬೇಕು? ಬುದ್ಧಿ ಇದ್ರೆ ಗಲ್ಲಾ ಒಳಗೆ ಇಟ್ಕೊಳ್ಳಿ ಸಾಹುಕಾರ್ರೇ, ಚೀಟಿ ಮೇಲೆ ಬೇಡ."

ಇಷ್ಟು ಹೇಳಿ ನೀಲಿ ಬಟ್ಟೆಯ ಥಾನು ಬಿಚ್ಚಿ ಕೋಟಿಗೆ ಕತ್ತರಿ ಹಾಕಿಬಿಟ್ಟಳು!

"ಸಹಿ ಬಂದಿಲ್ಲವಲ್ಲ ಅಕ್ಕಾ! ಅವನು ಬರದಿದ್ರೆ?"

"ಬರದಿದ್ರೆ ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ."

ಹಿಡಿದುಕೊಳ್ಳುವವನೇ ನಾನು ಎಂದು ಚೆನ್ನಾಗಿ ಗೊತ್ತಿದ್ದೂ ಹೇಳಿದಳು. ಮೆಷಿನ್ನಿನ ಸದ್ದಿನಲ್ಲಿ ನನ್ನ ಉತ್ತರ ಯಾರಿಗೂ ಕೇಳಿಸಲಿಲ್ಲ.

ಮರುದಿನ ಅವಳೇ ಬೋರ್ಡಣ್ಣನಿಗೆ ಒಂದು ಮಾತು ಹೇಳಿಕಳಿಸಿದಳು. ಆ ವರ್ಷ ಕಚೇರಿಯಿಂದ ಬಂದ ಮೇಡಂ ಅಂಗಡಿಯೆಲ್ಲ ನೋಡಿ, "ಬೋರ್ಡು ಎಲ್ರೀ? ಅಕ್ಷರವೇ ಕಾಣಲ್ಲ, ಹೊಸದು ಬರೆಸಿ" ಎಂದು ಹೇಳಿಹೋಗಿದ್ದು ನಿಜ. ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೂ ನಿಜ. ಟೇಪಕ್ಕ ಆಸ್ಪತ್ರೆಯ ದಾರಿಯಲ್ಲಿ ಬೋರ್ಡಣ್ಣನ ಹೆಂಡತಿಯನ್ನು ನಿಲ್ಲಿಸಿ, "ಸಾಹುಕಾರ್ರ ಬೋರ್ಡು ಹಾಳಾಗಿದೆ, ಕಚೇರಿ ಮೇಡಂ ಬಂದು 'ಬೋರ್ಡು ಎಲ್ರೀ' ಅಂದ್ರು. ಪ್ರಿಂಟಿನವರಿಗೆ ಕೊಡ್ತಾರಂತೆ ಅಂತ ಹೇಳು, ಅಷ್ಟೇ ಹೇಳು" ಎಂದಿದ್ದಳು.

"ನಾನೆಲ್ಲಿ ಪ್ರಿಂಟಿನವರನ್ನ ಕರೆದೆ?" ಎಂದೆ.

"ಕರೀತಿದ್ರಿ. ಅಗ್ಗ ಅಂತ."

ಅದೂ ನಿಜವೇ.

ಸಂಜೆಯೊಳಗೆ ಬೋರ್ಡಣ್ಣ ಬಂದ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕಂಕುಳಲ್ಲಿ ಕುಂಚದ ಪೆಟ್ಟಿಗೆ. ಮೆಟ್ಟಿಲ ಮೇಲೆ ನಿಂತು ಉರಿದುಬಿದ್ದ. "ಏನ್ ಸಾಹುಕಾರ್ರೇ, ನಾನು ಬರೆದ ಗೋಡೆಗೆ ಪ್ಲಾಸ್ಟಿಕ್ಕು ಅಂಟಿಸ್ತೀರಾ? ನಾನಿನ್ನೂ ಸತ್ತಿಲ್ಲ. ಕೊಡಿ ಇಲ್ಲಿ ಹಲಗೆ."

"ಹಲಗೆ ಬಾಗಿಲಲ್ಲಿ ಹಿಡಿಯಲ್ಲಪ್ಪ" ಎಂದಳು ಟೇಪಕ್ಕ ಒಳಗಿನಿಂದ. "ಗೋಡೆಯಿಂದ ಬಿಚ್ಚಿ ಕೆಳಗಿಟ್ಟಿದೀನಿ. ಬೇಕಾದ್ರೆ ಬಾ. ಬೇಡದಿದ್ರೆ ಪ್ರಿಂಟಿನವನು ನಾಳೆ ಬರ್ತಾನೆ."

ಬೋರ್ಡಣ್ಣ ಹೊಸ್ತಿಲನ್ನು ನೋಡಿದ, ನನ್ನನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ. ಚೀಟಿಗಾಗಿ ದಾಟದ ಹೊಸ್ತಿಲನ್ನು ಕುಂಚಕ್ಕಾಗಿ ದಾಟಿದ.

ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ಗೋಡೆಗೆ ಒರಗಿಸಿದ್ದ ಹಲಗೆಯನ್ನು ನೋಡಿದ. ಅಕ್ಷರ ಮಂಕಾಗಿತ್ತು. ಬಾಣವಂತೂ ಇರಲೇ ಇಲ್ಲ. ಬಾಣ ಇದ್ದ ಜಾಗದ ತುಂಬ ಮೊಳೆಗಳು. ಒಂದರಲ್ಲಿ ದೊಡ್ಡ ಕತ್ತರಿ, ಇನ್ನೊಂದರಲ್ಲಿ ಚಿಕ್ಕ ಕತ್ತರಿ, ಸಾಲಾಗಿ ದಾರದ ಉಂಡೆಗಳು, ಗುಂಡಿ ತುಂಬಿದ ಚೀಲ, ಅವಳ ಕನ್ನಡಕದ ಡಬ್ಬಿ. ಟೇಪಕ್ಕ ಒಂದೊಂದನ್ನೇ ತೆಗೆದು ಮಡಿಲಿಗೆ ಹಾಕಿಕೊಂಡಾಗ ಅಲ್ಲಲ್ಲಿ ಕೆಂಪಿನ ಚೂರುಗಳು ಕಂಡವು.

"ಎಲ್ಲಿ ನನ್ನ ಬಾಣ?"

"ಕತ್ತರಿ ಹಿಂದೆ ಇತ್ತಲ್ಲ."

"ನನ್ನ ಬಾಣಕ್ಕೆ ಮೊಳೆ ಹೊಡೆದಿದೀರಾ?!"

"ಮತ್ತೆ ಕತ್ತರಿ ಎಲ್ಲಿ ತಗುಲಿಹಾಕ್ಲಿ, ನಿನ್ನ ಕಿವಿಗಾ?"

"ಎಂಥಾ ಬಾಣ ಅಕ್ಕಾ ಅದು! ತುದಿ ನೋಡಿದ್ರಾ, ಒಂದೇ ಎಳೆತಕ್ಕೆ ಎಳೆದಿದ್ದೆ!" ಕಲಾವಿದನಿಗೆ ಆದ ಅವಮಾನ ಅವನ ಮುಖದಲ್ಲಿ ಕುದಿಯುತ್ತಿತ್ತು. ಆಮೇಲೆ ಮೆಲ್ಲಗೆ ಬೇರೊಂದು ಅವನಿಗೆ ಹೊಳೆಯಿತು. "ಹಂಗಾದ್ರೆ... ಇದು ಯಾರಿಗೂ ಕಾಣ್ತಾ ಇರಲಿಲ್ವಾ?"

"ನಿನಗೊಬ್ಬನಿಗೇ ಕಾಣ್ತಿತ್ತು. ಅದೂ ಮೆಟ್ಟಿಲ ಮೇಲಿಂದ."

ಅವನು ಹಲಗೆಯ ಮೇಲೆ ಕೈಯಾಡಿಸಿದ. "ಅದನ್ನ ಬರೆದ ದಿನ ಒಬ್ಬ ಹೆಂಗಸಿಗೆ ಏಣಿ ಮೇಲಿಂದ ಏನೋ ಅಂದಿದ್ದೆ ಅಕ್ಕಾ. ಎಲ್ಲರೂ ನಕ್ಕಿದ್ರು. ಕಾಲು ಮುರಿದು ಮಲಗಿದಾಗಿಂದ ಅದೇ ಕಿವೀಲಿ ಕೇಳಿಸುತ್ತೆ. ನಾನು ಚೀಟಿ ಹಿಡ್ಕೊಂಡು ಬಂದ್ರೆ ಯಾರಾದ್ರೂ ನನಗೂ ಹಂಗೇ ಅಂತಾರೆ ಅಂತ..."

"ಯಾರೂ ಅನ್ನಲ್ಲ. ಅದನ್ನ ಅಂದವನು ನೀನೊಬ್ಬನೇ. ಕೇಳಿಸ್ಕೊಂಡವಳು ನಾನು."

ನಾನು ಗಲ್ಲಾದಲ್ಲಿ ಚಿಲ್ಲರೆ ಹುಡುಕುವವನ ಹಾಗೆ ತಲೆ ತಗ್ಗಿಸಿದೆ. ಬೋರ್ಡಣ್ಣನ ಊರುಗೋಲು ಜಾರಿ ನೆಲಕ್ಕೆ ಬಿತ್ತು.

"ನೀವಾ?"

"ಹೂಂ."

"ಆಮೇಲೆ... ಏನ್ಮಾಡಿದ್ರಿ?"

"ಏನ್ಮಾಡೋದು? ಮಗನಿಗೆ ಪ್ಯಾಂಟು ತಗೊಂಡೆ. ಕೆಲಸ ತಗೊಂಡೆ. ಈ ಮೂಲೆ ತಗೊಂಡೆ."

"ಕೋಪ ಬರಲಿಲ್ವಾ ಅಕ್ಕಾ?"

"ಬಂತು. ಅದಕ್ಕೇ ಮೊದಲನೇ ಮೊಳೆ ಸ್ವಲ್ಪ ಜೋರಾಗಿ ಹೊಡೆದೆ."

ಮೊದಲು ಅವನು ನಕ್ಕನೋ ಅತ್ತನೋ ಹೇಳಲಾರೆ; ಎರಡಕ್ಕೂ ಅವನ ಮುಖ ಒಂದೇ ಥರ ಸೊಟ್ಟಗಾಗುತ್ತದೆ. ಟೇಪಕ್ಕ ಊರುಗೋಲನ್ನು ಎತ್ತಿ ಗೋಡೆಗೆ ಒರಗಿಸಿದಳು. "ಸರ್ಕಾರ ಯಾರ ದುಡ್ಡು ಕೊಡುತ್ತೆ ಅಂದ್ಕೊಂಡಿದೀಯ? ನೀನು ಬಣ್ಣದ ಡಬ್ಬ ತಗೊಂಡಾಗೆಲ್ಲ ತೆರಿಗೆ ಕಟ್ಟಿಲ್ವಾ? ನಾನು ದಾರ ತಗೊಂಡಾಗ ಕಟ್ಟಿಲ್ವಾ? ಆವಾಗ ಕೊಟ್ಟಿದ್ದನ್ನ ಈವಾಗ ಮಗಳ ಕೋಟಿಗೆ ಅಂತ ಇಸ್ಕೊಳ್ಳೋದು. ಇದರಲ್ಲಿ ತಲೆ ತಗ್ಗಿಸೋದು ಏನಿದೆ? ಬರಿ, ಕತ್ತಲಾಗುತ್ತೆ."

ಬೋರ್ಡಣ್ಣ ಮೊಳೆಗಳನ್ನು ಕಿತ್ತು, ತೂತು ಮುಚ್ಚಿ, ಬಿಳಿ ಬಳಿದ. ಅದು ಒಣಗಲೆಂದು ಬಿಟ್ಟು ಹೋಗಿ, ಮಾರನೆಯ ದಿನ ಮತ್ತೆ ಬಂದ. ಮೆಟ್ಟಿಲ ಮೇಲೆ ನಿಲ್ಲದೆ ನೇರ ಒಳಗೇ ಬಂದ. 'ಶಾಲೆಯ ಬಟ್ಟೆಗೆ ಸರ್ಕಾರಿ ಸಹಾಯದ ಚೀಟಿ ಈ ಅಂಗಡಿಯಲ್ಲಿ ನಡೆಯುತ್ತದೆ' ಎಂದು ಬರೆದ. ಅದೇ ಮೈಕೈ ತುಂಬಿದ ಅಕ್ಷರ, ಅದೇ ನೆರಳು.

"ಬಾಣ?" ಎಂದೆ ನಾನು, ಸುಮ್ಮನಿರಲಾರದೆ.

"ಈ ಸಲ ಬಾಣಕ್ಕೆ ಬೇರೆ ಚಾರ್ಜು" ಎಂದ. ಹಾಗಾಗಿ ಬಾಣ ಬೇಡವೆಂದೆ.

ಕೂಲಿಯ ವಿಷಯದಲ್ಲಿ ನಾನು ಸ್ವಲ್ಪ ಜಗ್ಗಾಡಿದೆ. ಪ್ರಿಂಟಿನವನ ರೇಟು ಹೇಳಿದೆ. ಟೇಪಕ್ಕ ಮೆಷಿನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು, ಅಷ್ಟೇ. ಅವನು ಕೇಳಿದಷ್ಟು ಕೊಟ್ಟೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಅವನು ಒಂದು ಗಳಿಗೆ ಯೋಚಿಸಿದ. ಈ ದುಡ್ಡಿನಲ್ಲೇ ಕೋಟು ಕೊಳ್ಳೋಣವೇ ಎಂಬ ಹಳೆಯ ಹುಳ ತಲೆಯೊಳಗೆ ಹರಿದಾಡುತ್ತಿರುವುದು ಎದುರಿಗಿದ್ದ ನನಗೇ ಕಾಣಿಸಿತು.

"ಅದು ಕೆಲಸದ್ದು, ಮನೆ ಖರ್ಚಿಗೆ ಇಟ್ಕೋ" ಎಂದಳು ಟೇಪಕ್ಕ ತಲೆ ಎತ್ತದೆ. "ಇದು ಮಗಳದ್ದು. ಚೀಟಿ ತೆಗಿ."

ಬೋರ್ಡಣ್ಣ ಕೂಲಿಯನ್ನು ಜೇಬಿಗೆ ಹಾಕಿದ, ಇಣುಕದಂತೆ ಒಳಕ್ಕೆ ತಳ್ಳಿದ. ಇನ್ನೊಂದು ಜೇಬಿನಿಂದ ಮಡಿಸಿ ಮಡಿಸಿ ಚಿಕ್ಕದಾಗಿದ್ದ ಚೀಟಿ ತೆಗೆದು, ನನ್ನೆದುರು ಬಿಡಿಸಿ ಸಹಿ ಹಾಕಿದ. ಆ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿಗಳು ಬೇಕಾದಷ್ಟಿದ್ದರು. ಯಾರೂ ತಿರುಗಿ ನೋಡಲಿಲ್ಲ. ಅವರವರಿಗೆ ಅವರವರ ಮಕ್ಕಳ ಅಳತೆಯದೇ ತಲೆನೋವು.

ಹುಡುಗಿ ಬಂದು ಕೋಟು ಹಾಕಿಕೊಂಡಳು. ಭುಜಕ್ಕೆ ಸರಿಯಾಗಿ ಕೂತಿತ್ತು. ತೋಳಿನ ಒಳಗೆ ಕೈಬೆರಳು ಹಾಕಿ ನೋಡಿದ ಬೋರ್ಡಣ್ಣ, ಒಳಗೆ ದಪ್ಪಗೆ ಮಡಿಸಿದ್ದ ಬಟ್ಟೆಯನ್ನು ಮುಟ್ಟಿ, "ಇದೇನಕ್ಕಾ, ಇಷ್ಟೊಂದು?" ಎಂದ.

"ಅವಳ ಪಾದ ನೋಡಿದೀಯಾ? ನಿನಗಿಂತ ಉದ್ದ ಹೋಗ್ತಾಳೆ. ಏಣಿ ಇಲ್ಲದೇನೇ ಬೋರ್ಡು ಬರೀತಾಳೆ."

"ನಾನು ಬೋರ್ಡು ಬರೆಯಲ್ಲ" ಎಂದಳು ಹುಡುಗಿ. "ನಾನು ಕಚೇರಿಯ ಮೇಡಂ ಆಗ್ತೀನಿ. ಬೋರ್ಡು ಎಲ್ರೀ ಅಂತ ಕೇಳ್ತೀನಿ."

ಟೇಪಕ್ಕ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಕೆಲವು ದಿನಗಳ ಮೇಲೆ ಕಚೇರಿಯಿಂದ ಫೋನು ಬಂತು. "ಒಂದು ಚೀಟೀಲಿ ಸಹಿ ಗೆರೆಯಿಂದ ಹೊರಗೆಲ್ಲ ಹರಡಿಕೊಂಡಿದೆ, ಪಕ್ಕದಲ್ಲಿ ನೆರಳು ಬೇರೆ ಎಳೆದಿದಾರೆ. ಇದು ಸಹಿನೋ ಅಂಗಡಿ ಬೋರ್ಡೋ?" ಎಂದು ಗುಮಾಸ್ತ ಕೇಳಿದ. ಸಹಿಯೇ, ಅವರದು ಯಾವಾಗಲೂ ಹಾಗೇ, ನನ್ನೆದುರೇ ಹಾಕಿದ್ದು ಎಂದೆ. ಒಪ್ಪಿಕೊಂಡ.

ಆದರೆ ನಾನು ಹೇಳಹೊರಟಿದ್ದು ಸಹಿ ಹಾಕಿದ ಆ ಸಂಜೆಯ ಮಾತು. ಅಪ್ಪ ಮಗಳು ಹೊರಡುವ ಮೊದಲು ಹಲಗೆಯನ್ನು ಮತ್ತೆ ಗೋಡೆಗೇರಿಸಿದ್ದೆವು. ಬೋರ್ಡಣ್ಣ ಬಾಗಿಲವರೆಗೆ ಹೋದವನು, ತನ್ನ ಅಕ್ಷರವನ್ನು ದೂರದಿಂದ ಒಮ್ಮೆ ನೋಡಿಕೊಳ್ಳೋಣವೆಂದು ತಿರುಗಿ ನಿಂತ. ಆಗಲೇ ಒಳಗಿನಿಂದ ಟಕ್ ಟಕ್ ಎಂದು ಸುತ್ತಿಗೆಯ ಸದ್ದು ಕೇಳಿಸಿತು.

"ಅಕ್ಕಾ! ಬಣ್ಣ ಇನ್ನೂ ಹಸಿ!"

"ನನಗೂ ಕೆಲಸ ಇದೆ ಮಾರಾಯಾ" ಎಂದು ಟೇಪಕ್ಕ ತನ್ನ ಕತ್ತರಿಯನ್ನು ತಗುಲಿಹಾಕಿ, ಮುಂದಿನ ಮಗುವಿನ ಕಡೆ ತಿರುಗಿದಳು. "ಉಸಿರು ಬಿಡೋ."